ಫೆಲ್ಟ್ ಉಣ್ಣೆ ಮತ್ತು ಸಿಕ್ಕ ವಸ್ತುಗಳ ಶಿಲ್ಪ

ಕುರಿಯ ಉಣ್ಣೆಯನ್ನು ನೂಲದೆ, ನೇಯದೆ, ಬಿಸಿನೀರು, ಸಾಬೂನು ಮತ್ತು ಕೈಬಲದಿಂದ ಜಡೆಗಟ್ಟಿಸಿದಾಗ ಸಿಗುವ ಗಟ್ಟಿ ಹಾಸಿನ ಹೆಸರು ಫೆಲ್ಟ್. ಈ ಫೆಲ್ಟನ್ನು ಹೊಲ, ಹಿತ್ತಲು, ಹೊಳೆದಂಡೆ, ಗುಜರಿ ಅಂಗಡಿಗಳಲ್ಲಿ ಸಿಕ್ಕ ವಸ್ತುಗಳ ಜೊತೆ ಕೂಡಿಸಿ ಮೂರು ಆಯಾಮದ ಆಕೃತಿಗಳನ್ನು ರೂಪಿಸುವುದು ಸಮಕಾಲೀನ ಶಿಲ್ಪಕಲೆಯ ಒಂದು ಪ್ರಕಾರ. ತುಕ್ಕು ಹಿಡಿದ ಕಬ್ಬಿಣ, ಮುರಿದ ನೇಗಿಲು, ಕಲ್ಲು, ಬೇರು, ಎಲುಬು, ಹಳೆಯ ತಂತಿ, ಗಾಡಿಯ ಬಿಡಿಭಾಗ ಹೀಗೆ ಯಾವುದು ಬೇಕಾದರೂ ಇದರ ಸಾಮಗ್ರಿಯಾಗಬಹುದು. ಫೆಲ್ಟ್ ಮಾಡುವ ಕಸುಬು ಎರಡೂವರೆ ಸಾವಿರ ವರ್ಷಗಳಿಗಿಂತ ಹಳೆಯದು. ಸಿಕ್ಕ ವಸ್ತುವನ್ನು ಶಿಲ್ಪವೆಂದು ಒಪ್ಪಿಕೊಳ್ಳುವ ದೃಷ್ಟಿ ಬಂದದ್ದು ಇಪ್ಪತ್ತನೆಯ ಶತಮಾನದಲ್ಲಿ. ಎರಡೂ ಸೇರಿ ಒಂದು ಕಲಾರೂಢಿಯಾದದ್ದು 1970ರ ದಶಕದ ನಂತರ.

ಕಂಚು, ಅಮೃತಶಿಲೆಗಳಂತೆ ಇವು ಬೆಲೆಯುಳ್ಳ ಸಾಮಗ್ರಿಗಳಲ್ಲ. ಒಂದನ್ನು ಮಾರುಕಟ್ಟೆ ಒರಟೆಂದು ತಳ್ಳಿದೆ, ಇನ್ನೊಂದನ್ನು ಬಳಸಿದವರೇ ಬಿಸುಟಿದ್ದಾರೆ. ಎರಡೂ ಒಂದು ನಿರ್ದಿಷ್ಟ ನೆಲದಿಂದ, ಅಲ್ಲಿನ ದುಡಿಮೆಯ ಗುರುತು ಹೊತ್ತು ಬರುತ್ತವೆ. ಆದ್ದರಿಂದ ಒಳ್ಳೆಯ ಕೃತಿಯೊಂದು ಆ ಸೀಮೆಯ ಕುರಿ, ಮೇವು, ಮಳೆ, ಕಸುಬುಗಳ ದಾಖಲೆಯೂ ಆಗುತ್ತದೆ. ಈ ಪ್ರಕಾರದ ಹೆಚ್ಚುಗಾರಿಕೆ ಇರುವುದು ಇಲ್ಲಿಯೇ.

ಉಣ್ಣೆಯ ಗುಣ

ಉಣ್ಣೆಯ ಎಳೆ ಕೆರಾಟಿನ್ ಎಂಬ ಪ್ರೋಟೀನಿನಿಂದಾದದ್ದು. ಎಳೆಯ ಮೇಲ್ಮೈಯಲ್ಲಿ ಸೂಕ್ಷ್ಮ ಹುರುಪೆಗಳು ಹೆಂಚು ಹೊದಿಸಿದ ಮಾಡಿನಂತೆ ಒಂದರ ಮೇಲೊಂದು ಕೂತಿರುತ್ತವೆ. ಅವುಗಳ ಅಂಚು ಎಳೆಯ ತುದಿಯ ಕಡೆಗೆ ತೆರೆದಿರುತ್ತದೆ. ಬುಡದಿಂದ ತುದಿಗೆ ಸವರಿದರೆ ನುಣುಪು, ತುದಿಯಿಂದ ಬುಡಕ್ಕೆ ಸವರಿದರೆ ತಡೆ. ಒದ್ದೆ ಉಣ್ಣೆಯನ್ನು ಉಜ್ಜಿದಾಗ ಈ ತಡೆಯಿಂದಾಗಿ ಪ್ರತಿ ಎಳೆಯೂ ಬುಡದ ದಿಕ್ಕಿಗೆ ಮಾತ್ರ ಸರಿಯುತ್ತದೆ, ಹಿಂದಕ್ಕೆ ಬರಲಾರದು. ಸಾವಿರಾರು ಎಳೆಗಳು ಹೀಗೆ ಒಂದರೊಳಗೊಂದು ನುಗ್ಗಿ ಬಿಗಿಯುತ್ತವೆ. ಬಿಸಿನೀರು ಎಳೆಯನ್ನು ಮೆದುಗೊಳಿಸಿ ಹಿಗ್ಗಿಸುತ್ತದೆ, ಕ್ಷಾರೀಯ ಸಾಬೂನು ಚಲನೆಯನ್ನು ಸಲೀಸು ಮಾಡುತ್ತದೆ. ಒಮ್ಮೆ ಗಟ್ಟಿಯಾದ ಫೆಲ್ಟನ್ನು ಬಿಡಿಸಿ ಮತ್ತೆ ಉಣ್ಣೆಯಾಗಿಸಲು ಬರುವುದಿಲ್ಲ. ನೇಯ್ದ ಬಟ್ಟೆಯಂತೆ ಕತ್ತರಿಸಿದಲ್ಲಿ ಅದರ ಎಳೆ ಬಿಚ್ಚಿಕೊಳ್ಳುವುದೂ ಇಲ್ಲ. ಶಿಲ್ಪಿಗೆ ಈ ಎರಡು ಗುಣಗಳೂ ಬೇಕು.

ಎಲ್ಲ ಉಣ್ಣೆಯೂ ಒಂದೇ ರೀತಿ ಜಡೆಗಟ್ಟುವುದಿಲ್ಲ. ಮೆರಿನೊ ಕುರಿಯ ನಯವಾದ ಎಳೆಯಲ್ಲಿ ಹುರುಪೆಗಳು ಒತ್ತಾಗಿರುವುದರಿಂದ ಅದು ಬೇಗ ಬಿಗಿಯುತ್ತದೆ. ಗುಡ್ಡಗಾಡಿನ, ಬಯಲುಸೀಮೆಯ ದೇಸಿ ತಳಿಗಳ ಉಣ್ಣೆ ಒರಟು. ಅದರಲ್ಲಿ ಕೂದಲಿನಂತಹ ದಪ್ಪ ಎಳೆಗಳೂ, ಕೆಂಪ್ ಎಂದು ಕರೆಯುವ ಪೆಡಸಾದ ಟೊಳ್ಳು ಎಳೆಗಳೂ ಬೆರೆತಿರುತ್ತವೆ. ಕೆಂಪ್ ಬಣ್ಣ ಹೀರುವುದು ಕಡಿಮೆ, ಹೆಣೆದುಕೊಳ್ಳುವುದೂ ಕಡಿಮೆ. ಇಂತಹ ಉಣ್ಣೆ ಗಟ್ಟಿಯಾಗಲು ಹೆಚ್ಚು ಹೊತ್ತು, ಹೆಚ್ಚು ತೋಳ್ಬಲ ಬೇಕು. ಪ್ರತಿಫಲವಾಗಿ ತನ್ನ ಆಕಾರವನ್ನು ತಾನೇ ಹೊತ್ತು ನಿಲ್ಲುವ, ತೊಗಟೆಯಂತಹ ಮೈಯುಳ್ಳ ಫೆಲ್ಟ್ ಸಿಗುತ್ತದೆ. ಉಡುಪಿಗೆ ದೋಷವೆನಿಸುವ ಒರಟುತನ ಶಿಲ್ಪದಲ್ಲಿ ಬಲವಾಗುತ್ತದೆ. ಕಪ್ಪು, ಕಂದು, ಬೂದು, ಹಾಲುಬಿಳಿಯ ಸಹಜ ಬಣ್ಣಗಳು ಸಿಗುವುದೂ ಬಹುಮಟ್ಟಿಗೆ ಇಂತಹ ತಳಿಗಳಲ್ಲಿಯೇ.

ತಯಾರಿಕೆಯ ವಿಧಾನ

ಕತ್ತರಿಸಿದ ಉಣ್ಣೆಯಿಂದ ಮೊದಲು ಸಗಣಿ, ಮುಳ್ಳು, ಗಾಳಿಕಸ ಆರಿಸಿ ತೆಗೆಯುತ್ತಾರೆ. ಅಲುಗಾಡಿಸದೆ ಬೆಚ್ಚಗಿನ ನೀರಿನಲ್ಲಿ ನೆನೆಸಿ ಜಿಡ್ಡು, ಬೆವರಿನ ಲವಣ ಬಿಡಿಸುತ್ತಾರೆ. ಈ ಹಂತದಲ್ಲಿ ತಿಕ್ಕಿದರೆ ಉಣ್ಣೆ ಬೇಕಿಲ್ಲದ ಕಡೆ ಗಂಟುಗಟ್ಟುತ್ತದೆ. ಒಣಗಿದ ಮೇಲೆ ಹಿಂಜಿ, ಎಳೆಗಳನ್ನು ಒಂದೇ ದಿಕ್ಕಿಗೆ ತರುತ್ತಾರೆ. ಮುಂದಿನ ಕೆಲಸಕ್ಕೆ ಮುಖ್ಯವಾಗಿ ಮೂರು ದಾರಿಗಳಿವೆ.

ಮೊದಲನೆಯದು ವಸ್ತುವನ್ನೇ ಒಳಗಿಟ್ಟು ಸುತ್ತುವುದು. ಹೊಳೆಯಲ್ಲಿ ಸಿಕ್ಕ ಗುಂಡುಕಲ್ಲನ್ನು ತೆಗೆದುಕೊಂಡರೆ, ಹಿಂಜಿದ ಉಣ್ಣೆಯ ತೆಳು ಪದರವನ್ನು ಅದಕ್ಕೆ ಅಡ್ಡಡ್ಡ ಸುತ್ತಬೇಕು. ಅದರ ಮೇಲಿನ ಪದರ ಉದ್ದುದ್ದ ಬರಬೇಕು. ಹೀಗೆ ದಿಕ್ಕು ಬದಲಿಸುತ್ತ ನಾಲ್ಕೈದು ಪದರ ಹಾಕಿ, ಬಿಸಿ ಸಾಬೂನುನೀರು ಚಿಮುಕಿಸಿ, ಅಂಗೈಗಳ ನಡುವೆ ಮೆಲ್ಲಗೆ ಹಿಡಿಯುತ್ತಾರೆ. ಮೊದಲ ಕೆಲವು ನಿಮಿಷ ಉಣ್ಣೆ ಸಡಿಲ ಚೀಲದಂತೆ ಜೋಲುತ್ತದೆ. ಆಗ ಬಲವಾಗಿ ಉಜ್ಜಿದರೆ ಪದರಗಳು ಸರಿದು ಕಲ್ಲು ಬತ್ತಲಾಗುತ್ತದೆ. ಮೇಲ್ಪದರ ಕಚ್ಚಿಕೊಂಡ ಮೇಲೆ ಕ್ರಮೇಣ ಒತ್ತಡ ಹೆಚ್ಚಿಸಬೇಕು. ಜೋಲುತ್ತಿದ್ದ ಚೀಲ ಕುಗ್ಗುತ್ತ ಬಂದು ಕಲ್ಲಿನ ಪ್ರತಿ ಉಬ್ಬು ತಗ್ಗನ್ನೂ ಹಿಡಿಯುತ್ತದೆ. ಬೆರಳಿನಿಂದ ಚಿವುಟಿದರೆ ಎಳೆ ಮೇಲೇಳದಿದ್ದರೆ ಕೆಲಸ ಮುಗಿದಂತೆ. ಅಂಟು, ಮೊಳೆ, ಹೊಲಿಗೆ ಯಾವುದೂ ಇಲ್ಲದೆ ಕುಗ್ಗುವಿಕೆಯೊಂದೇ ಎರಡನ್ನೂ ಬಂಧಿಸಿರುತ್ತದೆ. ಬೇಕಾದೆಡೆ ಕೊಯ್ದು ಒಳಗಿನ ಕಲ್ಲು ಕಾಣುವಂತೆ ಕಿಂಡಿ ಬಿಡಬಹುದು.

ಎರಡನೆಯದು ಟೊಳ್ಳು ಆಕೃತಿ. ಉಣ್ಣೆಯ ಎರಡು ಹಾಸುಗಳ ನಡುವೆ ಪ್ಲಾಸ್ಟಿಕ್ ಹಾಳೆಯ ನಮೂನೆಯಿಟ್ಟು ಅಂಚುಗಳನ್ನು ಮಡಚಿ ಕೂಡಿಸುತ್ತಾರೆ. ಹಾಳೆ ಅಡ್ಡವಿರುವಲ್ಲಿ ಮೇಲಿನ ಉಣ್ಣೆ ಕೆಳಗಿನದಕ್ಕೆ ಅಂಟುವುದಿಲ್ಲ. ಹಾಳೆ ತೆಗೆದರೆ ಹೊಲಿಗೆಯಿಲ್ಲದ ಚೀಲ ಉಳಿಯುತ್ತದೆ. ಅದನ್ನು ಉರುಳಿಸಿ, ಬಡಿದು, ಹಳೆಯ ಕೊಡ, ಮರದ ಕೊರಡು ಅಥವಾ ತಂತಿಯ ಚೌಕಟ್ಟಿನ ಮೇಲೆ ಎಳೆದು ಒಣಗಿಸುತ್ತಾರೆ. ಫೆಲ್ಟ್ ಸಾಮಾನ್ಯವಾಗಿ ಮೂರನೆಯ ಒಂದು ಭಾಗದಷ್ಟು, ಕೆಲವೊಮ್ಮೆ ಅದಕ್ಕೂ ಹೆಚ್ಚು ಕುಗ್ಗುವುದರಿಂದ ನಮೂನೆಯನ್ನು ಅಷ್ಟು ದೊಡ್ಡದಾಗಿ ಕತ್ತರಿಸಬೇಕು. ಕುಗ್ಗುವ ಪ್ರಮಾಣ ತಳಿಯಿಂದ ತಳಿಗೆ ಬೇರೆ. ಅದಕ್ಕಾಗಿ ಪ್ರತಿ ಹೊಸ ಉಣ್ಣೆಯಿಂದಲೂ ಮೊದಲು ಚಿಕ್ಕ ಚೌಕ ಮಾಡಿ ಅಳೆದು ನೋಡುವುದು ಪದ್ಧತಿ.

ಮೂರನೆಯದು ಸೂಜಿ ಫೆಲ್ಟ್. ತ್ರಿಕೋನ ಅಂಚಿನ, ಕಚ್ಚುಗಳಿರುವ ಸೂಜಿಯಿಂದ ಒಣ ಉಣ್ಣೆಯನ್ನು ಚುಚ್ಚಿ ಚುಚ್ಚಿ ಒಳಕ್ಕೆ ಹೆಣೆಯುವುದು. ಈ ಸೂಜಿ ಮೂಲತಃ ಕಾರ್ಖಾನೆಯ ಯಂತ್ರದ ಭಾಗ. ಅದು ಕೈಕಸುಬಿನ ಉಪಕರಣವಾದದ್ದು 1980ರ ದಶಕದಲ್ಲಿ, ಅಮೆರಿಕದಲ್ಲಿ. 36 ಗೇಜಿನ ಸೂಜಿ ದಪ್ಪ, ರೂಪ ಕಟ್ಟಲು ಬೇಕು. 40 ಗೇಜಿನದು ತೆಳು, ಮೇಲ್ಮೈ ನುಣುಪು ಮಾಡಲು ಬೇಕು. ಲೋಹಕ್ಕೋ ಕಲ್ಲಿಗೋ ತಗುಲಿದರೆ ಅದು ಥಟ್ಟನೆ ಮುರಿಯುತ್ತದೆ. ಆದುದರಿಂದ ಸಿಕ್ಕ ವಸ್ತುವಿನ ಪಕ್ಕದ ಉಣ್ಣೆಯನ್ನು ಓರೆಯಾಗಿ ಚುಚ್ಚುತ್ತಾರೆ, ಇಲ್ಲವೇ ಅಲ್ಲಿ ಒದ್ದೆ ವಿಧಾನವನ್ನೇ ಬಳಸುತ್ತಾರೆ.

ಸಿಕ್ಕ ವಸ್ತುವಿನ ಆಯ್ಕೆಯಲ್ಲಿ ಮೇಲ್ಮೈಯ ಪಾತ್ರ ದೊಡ್ಡದು. ತೊಗಟೆ, ತುಕ್ಕುತಂತಿ, ಹಗ್ಗ, ಜಾಲರಿಗಳ ಒರಟು ಮೈಯನ್ನು ಉಣ್ಣೆ ಹಿಡಿದುಕೊಳ್ಳುತ್ತದೆ. ಗಾಜು, ಪಿಂಗಾಣಿ, ಹೊಳಪಿನ ಲೋಹಗಳ ಮೇಲೆ ಜಾರುವುದರಿಂದ ಅವುಗಳನ್ನು ಪೂರ್ತಿ ಆವರಿಸಬೇಕು ಅಥವಾ ತೂತಿನ ಮೂಲಕ ಹಾಯಿಸಿ ಬಿಗಿಯಬೇಕು. ಕಬ್ಬಿಣದ ತುಕ್ಕು ಒದ್ದೆ ಉಣ್ಣೆಗೆ ಕೆಂಗಂದು ಕಲೆ ಬಿಡುತ್ತದೆ. ಟ್ಯಾನಿನ್ ಇರುವ ಅಳಲೆಕಾಯಿ, ದಾಳಿಂಬೆ ಸಿಪ್ಪೆಯ ರಸ ಸೇರಿದರೆ ಅದೇ ತುಕ್ಕು ಕಪ್ಪಾಗುತ್ತದೆ. ಹಲವು ಕಲಾವಿದರು ಈ ಕಲೆಯನ್ನೇ ಬಣ್ಣವಾಗಿ ಬಳಸುತ್ತಾರೆ. ಹಳೆಯ ಬಣ್ಣದಲ್ಲಿರುವ ಸೀಸ, ಹಳೆಯ ಸಿಮೆಂಟ್ ತಗಡುಗಳಲ್ಲಿರುವ ಕಲ್ನಾರು, ತುಕ್ಕಿನ ಚೂಪು ಅಂಚುಗಳಿಂದ ಅಪಾಯವಿರುವುದರಿಂದ ವಸ್ತುವನ್ನು ತೊಳೆದು ಪರೀಕ್ಷಿಸಿಯೇ ಕೆಲಸಕ್ಕೆ ತೊಡಗುವುದು ಅಗತ್ಯ.

ಪ್ರಾಚೀನ ಹಿನ್ನೆಲೆ

ಉಳಿದು ಬಂದಿರುವ ಅತ್ಯಂತ ಪ್ರಸಿದ್ಧ ಪ್ರಾಚೀನ ಫೆಲ್ಟುಗಳು ಸೈಬೀರಿಯದ ಅಲ್ತಾಯ್ ಪರ್ವತಗಳ ಪಜಿರಿಕ್ ಸಮಾಧಿದಿಬ್ಬಗಳಿಂದ ಬಂದವು. ಮೊದಲ ದಿಬ್ಬದ ಅಗೆತ 1929ರಲ್ಲಿ ನಡೆಯಿತು; ಉಳಿದವನ್ನು ಸೋವಿಯತ್ ಪುರಾತತ್ವಜ್ಞ ಸೆರ್ಗೇಯ್ ರುದೆಂಕೊ 1947 ಮತ್ತು 1949ರ ನಡುವೆ ಅಗೆಸಿದರು. ಒಳಗೆ ಸೇರಿದ ನೀರು ಹೆಪ್ಪುಗಟ್ಟಿ ಹಾಗೆಯೇ ನಿಂತಿದ್ದರಿಂದ ಕ್ರಿ.ಪೂ. 5ರಿಂದ 3ನೆಯ ಶತಮಾನಗಳ ಉಣ್ಣೆ, ತೊಗಲು, ಮರ ಕೊಳೆಯದೆ ಉಳಿದಿದ್ದವು. ಐದನೆಯ ದಿಬ್ಬದಲ್ಲಿ ದೊರೆತ ಫೆಲ್ಟ್ ಹಂಸಗಳು ಈಗ ಸೇಂಟ್ ಪೀಟರ್ಸ್‌ಬರ್ಗಿನ ಹರ್ಮಿಟಾಜ್ ಸಂಗ್ರಹಾಲಯದಲ್ಲಿವೆ. ಬಿಳಿ ಫೆಲ್ಟಿನ ಮೈಯೊಳಗೆ ತುಂಬುವಿಕೆ ಹಾಕಿ, ಗಾಢ ಬಣ್ಣದ ಫೆಲ್ಟ್ ತುಂಡುಗಳಿಂದ ಕೊಕ್ಕು, ರೆಕ್ಕೆ ತಿದ್ದಿ, ಕಾಲುಗಳು ನಿಲ್ಲಲೆಂದು ಮರದ ಕಡ್ಡಿ ಸೇರಿಸಿದ್ದಾರೆ. ಬಾಗಿದ ಕೊರಳಿನ ತೂಕವನ್ನು ಫೆಲ್ಟೇ ಹೊತ್ತಿದೆ. ಹಾಸು, ಟೋಪಿ, ಗುಡಾರಗಳಿಗೆ ಬಳಸುತ್ತಿದ್ದ ಸಾಮಗ್ರಿಯಿಂದ ಪೂರ್ಣಾಕೃತಿಯ ಶಿಲ್ಪ ಮಾಡುವ ಕೌಶಲ ಆಗಲೇ ಇತ್ತು.

ಮಧ್ಯ ಏಷ್ಯದಲ್ಲಿ ಈ ಕಸುಬು ಇಂದಿಗೂ ಜೀವಂತ. ಮಂಗೋಲಿಯದ ಅಲೆಮಾರಿಗಳು ಹಳೆಯ ಫೆಲ್ಟೊಂದನ್ನು ತಾಯಿಯಾಗಿ ಹಾಸಿ, ಅದರ ಮೇಲೆ ಹೊಸ ಉಣ್ಣೆ ಹರಡಿ, ನೀರು ಚಿಮುಕಿಸಿ, ಸುರುಳಿ ಸುತ್ತಿ, ಕುದುರೆಯ ಹಿಂದೆ ಕಟ್ಟಿ ಎಳೆಸುತ್ತಾರೆ. ಕಿರ್ಗಿಸ್ತಾನದ ಶಿರ್ದಾಕ್ ಮತ್ತು ಅಲಾ ಕಿಯಿಜ್ ಹಾಸುಗಳ ಕಲೆಯನ್ನು ಯುನೆಸ್ಕೊ 2012ರಲ್ಲಿ ತುರ್ತು ರಕ್ಷಣೆ ಬೇಕಾದ ಅಮೂರ್ತ ಪರಂಪರೆಗಳ ಪಟ್ಟಿಗೆ ಸೇರಿಸಿತು. ಇರಾನಿನ ನಮದ್, ತುರ್ಕಿಯ ಕೆಚೆ, ಕಾಶ್ಮೀರದ ನಮ್ದಾ ಇದೇ ಕುಲದವು.

ಆಧುನಿಕ ಕಲೆಯಲ್ಲಿ

ಸಿಕ್ಕ ವಸ್ತುವಿನ ಕಡೆಯಿಂದ ನೋಡಿದರೆ, ಫ್ರಾನ್ಸಿನ ಮಾರ್ಸೆಲ್ ದುಶಾಂ 1913ರಲ್ಲಿ ಸೈಕಲ್ ಚಕ್ರವೊಂದನ್ನು ಸ್ಟೂಲಿನ ಮೇಲೆ ನಿಲ್ಲಿಸಿದ. ಪಾಬ್ಲೊ ಪಿಕಾಸೊ 1942ರಲ್ಲಿ ಸೈಕಲ್ಲಿನ ಸೀಟು, ಹ್ಯಾಂಡಲುಗಳನ್ನು ಕೂಡಿಸಿ ಗೂಳಿಯ ತಲೆ ಮಾಡಿದ. ರಾಬರ್ಟ್ ರೌಶೆನ್‌ಬರ್ಗ್ ಹಳೆಯ ಸಾಮಾನಿನ ಅಂಗಡಿಯಲ್ಲಿ ಕೊಂಡ, ಚರ್ಮದೊಳಗೆ ತುಂಬುವಿಕೆ ಹಾಕಿದ ಅಂಗೋರಾ ಮೇಕೆಯ ಸೊಂಟಕ್ಕೆ ಟೈರು ತೊಡಿಸಿ 1955–59ರಲ್ಲಿ ‘ಮೊನೊಗ್ರಾಂ’ ರಚಿಸಿದ. ತುಪ್ಪಟವೂ ಗುಜರಿಯೂ ಒಂದೆಡೆ ಸೇರಿದ ಪ್ರಮುಖ ಕೃತಿ ಇದು. ಇಟಲಿಯ ಆರ್ತೆ ಪೊವೆರಾ ಪಂಥದ ಯಾನಿಸ್ ಕುನೆಲ್ಲಿಸ್ 1960ರ ದಶಕದ ಕೊನೆಯಲ್ಲಿ ಹಿಂಜದ ಕಚ್ಚಾ ಉಣ್ಣೆಯನ್ನೇ ಮರದ ಚೌಕಟ್ಟುಗಳಿಗೆ ಕಟ್ಟಿ ತೋರಿಸಿದ.

ಫೆಲ್ಟನ್ನು ಶಿಲ್ಪದ ನಡುಮನೆಗೆ ತಂದವನು ಜರ್ಮನಿಯ ಜೋಸೆಫ್ ಬಾಯ್ಸ್. 1966ರಲ್ಲಿ ಅವನು ಗ್ರ್ಯಾಂಡ್ ಪಿಯಾನೊವೊಂದಕ್ಕೆ ಪೂರ್ತಿ ಫೆಲ್ಟ್ ಹೊದಿಸಿದ. 1969ರ ‘ದಿ ಪ್ಯಾಕ್’ ಕೃತಿಯಲ್ಲಿ ಹಳೆಯ ಫೋಕ್ಸ್‌ವ್ಯಾಗನ್ ವ್ಯಾನಿನಿಂದ 24 ಜಾರುಬಂಡಿಗಳು ಹೊರಬರುತ್ತವೆ; ಪ್ರತಿಯೊಂದಕ್ಕೂ ಒಂದು ಸುರುಳಿ ಫೆಲ್ಟ್, ಕೊಬ್ಬು, ಟಾರ್ಚು ಕಟ್ಟಿದೆ. 1944ರಲ್ಲಿ ಕ್ರಿಮಿಯದಲ್ಲಿ ತನ್ನ ವಿಮಾನ ಬಿದ್ದಾಗ ತಾತಾರರು ಕೊಬ್ಬು ಸವರಿ ಫೆಲ್ಟ್ ಸುತ್ತಿ ಬದುಕಿಸಿದರೆಂದು ಅವನು ಹೇಳುತ್ತಿದ್ದ ಕಥೆಯನ್ನು ಸಂಶೋಧಕರು ಒಪ್ಪಿಲ್ಲ. ಆದರೆ ಫೆಲ್ಟೆಂದರೆ ಕಾವು, ಮೌನ, ರಕ್ಷಣೆ ಎಂಬ ಅರ್ಥ ಅವನಿಂದ ಕಲಾಲೋಕದಲ್ಲಿ ನೆಲೆಯೂರಿತು. ಅಮೆರಿಕದ ರಾಬರ್ಟ್ ಮಾರಿಸ್ 1967ರಿಂದ ದಪ್ಪ ಫೆಲ್ಟ್ ಹಾಳೆಗಳನ್ನು ಸೀಳಿ ಗೋಡೆಗೆ ಜೋತುಬಿಟ್ಟು, ರೂಪವನ್ನು ಭಾರಕ್ಕೆ ಬಿಟ್ಟುಕೊಟ್ಟ. ಇಬ್ಬರೂ ಬಳಸಿದ್ದು ಕಾರ್ಖಾನೆಯ ಫೆಲ್ಟ್. ಯಾವ ಕುರಿ, ಯಾವ ಊರು ಎಂಬುದು ಅವರ ಕೃತಿಗಳಲ್ಲಿ ಮುಖ್ಯವಾಗಿರಲಿಲ್ಲ. ಆ ಕೊರತೆಯನ್ನು ತುಂಬಿದ್ದು ಕೈಫೆಲ್ಟಿನ ಮರುಹುಟ್ಟು.

ಕಂಬ್ರಿಯ

ಇಂಗ್ಲೆಂಡಿನ ವಾಯವ್ಯದಲ್ಲಿರುವ ಕಂಬ್ರಿಯ ಈ ಕಲೆಯ ಚರಿತ್ರೆಯಲ್ಲಿ ವಿಶೇಷ ಸ್ಥಾನ ಪಡೆದಿದೆ. ಸಿಕ್ಕ ವಸ್ತುಗಳ ಕಲೆಗೆ ‘ಮೆರ್ಜ್’ ಎಂದು ಹೆಸರಿಟ್ಟ ಜರ್ಮನ್ ಕಲಾವಿದ ಕುರ್ಟ್ ಶ್ವಿಟರ್ಸ್ ನಾತ್ಸಿಗಳಿಂದ ತಪ್ಪಿಸಿಕೊಂಡು ನಾರ್ವೆಯ ಮೂಲಕ ಬ್ರಿಟನ್ನಿಗೆ ಬಂದು, ಕೊನೆಯ ವರ್ಷಗಳನ್ನು ಇಲ್ಲಿನ ಆಂಬಲ್‌ಸೈಡ್ ಊರಿನಲ್ಲಿ ಕಳೆದ. ಹ್ಯಾನೋವರಿನಲ್ಲಿ ಅವನು ವರ್ಷಗಟ್ಟಲೆ ಕಟ್ಟಿದ್ದ ‘ಮೆರ್ಜ್‌ಬೌ’ 1943ರ ಬಾಂಬ್ ದಾಳಿಯಲ್ಲಿ ನಾಶವಾಗಿತ್ತು. 1947ರಲ್ಲಿ ಎಲ್ಟರ್‌ವಾಟರ್ ಬಳಿಯ ಕಲ್ಲಿನ ಕೊಟ್ಟಿಗೆಯೊಂದರಲ್ಲಿ, ಸುತ್ತಮುತ್ತ ಸಿಕ್ಕ ಕಲ್ಲು, ಹುರಿಹಗ್ಗ, ಹಳೆಯ ಚೌಕಟ್ಟುಗಳನ್ನು ಗಾರೆಯಲ್ಲಿ ಹುದುಗಿಸಿ ಅವನು ಮತ್ತೊಂದು ಕೃತಿ ಆರಂಭಿಸಿದ. 1948ರ ಜನವರಿಯಲ್ಲಿ ಕೆಂಡಲ್ ಊರಿನಲ್ಲಿ ತೀರಿಕೊಂಡಾಗ ಅದರ ಒಂದು ಗೋಡೆಯಷ್ಟೇ ರೂಪ ತಳೆದಿತ್ತು. ಆ ಗೋಡೆ 1965ರಿಂದ ನ್ಯೂಕಾಸಲ್ಲಿನ ಹ್ಯಾಟನ್ ಗ್ಯಾಲರಿಯಲ್ಲಿದೆ.

ಅದೇ ಕೆಂಡಲ್ಲಿನ ಆಬಟ್ ಹಾಲ್ ಗ್ಯಾಲರಿಯ ನಿರ್ದೇಶಕಿ ಮೇರಿ ಬರ್ಕೆಟ್ 1960ರ ದಶಕದಲ್ಲಿ ತುರ್ಕಿ, ಇರಾನ್ ಪ್ರವಾಸದಲ್ಲಿ ಫೆಲ್ಟಿಗೆ ಮನಸೋತು, 1979ರಲ್ಲಿ ‘ದಿ ಆರ್ಟ್ ಆಫ್ ದಿ ಫೆಲ್ಟ್‌ಮೇಕರ್’ ಪ್ರದರ್ಶನ ಏರ್ಪಡಿಸಿದರು. ಬ್ರಿಟನ್ನಿನ ಕೈಫೆಲ್ಟ್ ಚಳವಳಿಗೆ ಅದು ನಾಂದಿಯಾಯಿತು. ಅಂತರರಾಷ್ಟ್ರೀಯ ಫೆಲ್ಟ್‌ಮೇಕರ್ಸ್ ಸಂಘ 1984ರಲ್ಲಿ ಹುಟ್ಟಿದ್ದು ಈ ಹುರುಪಿನಿಂದ. ಈ ಸೀಮೆಯ ಹರ್ಡ್‌ವಿಕ್ ಕುರಿ ಹುಟ್ಟುವಾಗ ಕಪ್ಪು, ಬೆಳೆಯುತ್ತ ಬೂದು. ಅದರ ಉಣ್ಣೆ ಎಷ್ಟು ಒರಟೆಂದರೆ, ಕತ್ತರಿಸುವ ಕೂಲಿಯೂ ಹುಟ್ಟದೆ ರೈತರು ಅದನ್ನು ಸುಟ್ಟುಬಿಟ್ಟ ವರ್ಷಗಳಿವೆ. ಫೆಲ್ಟ್ ಕಲಾವಿದರು ಆ ಉಣ್ಣೆಯನ್ನು ಕೈಗೆತ್ತಿಕೊಂಡದ್ದರಿಂದ ಗುಡ್ಡದ ಕುರಿಯೂ ಕೊಟ್ಟಿಗೆಯ ಹಳೆಯ ಕಬ್ಬಿಣವೂ ಒಂದೇ ಕೃತಿಯಲ್ಲಿ ಕೂಡಲು ದಾರಿಯಾಯಿತು.

ದೇಸಿ ತಳಿಯ ಉಣ್ಣೆಯನ್ನು ಕಲೆಗೆ ತರುವುದಕ್ಕೆ ನೆದರ್‌ಲ್ಯಾಂಡ್ಸಿನ ಕ್ಲೌಡಿ ಯೋಂಗ್‌ಸ್ಟ್ರಾ ಇನ್ನೊಂದು ಮಾದರಿ. ಫ್ರೀಸ್‌ಲ್ಯಾಂಡಿನಲ್ಲಿ ಡ್ರೆಂಥ ಹೀತ್ ಎಂಬ ಅಪರೂಪದ ದೇಸಿ ತಳಿಯ ಮಂದೆ ಸಾಕಿ, ಬಣ್ಣದ ಗಿಡಗಳನ್ನೂ ತಾವೇ ಬೆಳೆದು ಭಾರಿ ಫೆಲ್ಟ್ ಭಿತ್ತಿಗಳನ್ನು ಮಾಡುತ್ತಾರೆ. ಅವರ ಕೆಲಸದಲ್ಲಿ ತಳಿಯ ಉಳಿವು ಮತ್ತು ಕಲೆ ಬೇರೆ ಬೇರೆಯಲ್ಲ.

ಭಾರತ ಮತ್ತು ಕರ್ನಾಟಕ

ಸಿಕ್ಕ ವಸ್ತುಗಳ ಭಾರತೀಯ ಕಲೆಗೆ ದೊಡ್ಡ ಉದಾಹರಣೆ ಚಂಡೀಗಡದ ರಾಕ್ ಗಾರ್ಡನ್. ರಸ್ತೆ ಇನ್‌ಸ್ಪೆಕ್ಟರಾಗಿದ್ದ ನೇಕ್‌ಚಂದ್ 1957ರ ಸುಮಾರಿಗೆ ಗುಟ್ಟಾಗಿ ಆರಂಭಿಸಿ ಒಡೆದ ಬಳೆ, ಹೆಂಚು, ಪಿಂಗಾಣಿ ಚೂರುಗಳಿಂದ ಕಟ್ಟಿದ ಈ ತೋಟ 1976ರಲ್ಲಿ ಸಾರ್ವಜನಿಕರಿಗೆ ತೆರೆಯಿತು. ಬಟ್ಟೆಯ ಚೂರುಗಳಿಂದಲೂ ಅವರು ಆಳೆತ್ತರದ ಗೊಂಬೆಗಳನ್ನು ಮಾಡಿದರು. ನಾರಿನಿಂದ ಸ್ಮಾರಕಸದೃಶ ಶಿಲ್ಪ ಸಾಧ್ಯವೆಂದು ತೋರಿಸಿದವರು ಮೃಣಾಲಿನಿ ಮುಖರ್ಜಿ (1949–2015). ಅವರು 1970ರ ದಶಕದಿಂದ ಸೆಣಬಿನ ಹಗ್ಗಕ್ಕೆ ಗಂಟು ಹಾಕುತ್ತ ಬೃಹತ್ ಆಕೃತಿಗಳನ್ನು ರಚಿಸಿದರು.

ಭದ್ರಾವತಿಯಲ್ಲಿ 1957ರಲ್ಲಿ ಹುಟ್ಟಿದ ಶೀಲಾ ಗೌಡ ಅವರ ‘ಬಿಹೋಲ್ಡ್’ ಈ ಪ್ರಕಾರಕ್ಕೆ ತೀರ ಹತ್ತಿರದ ಕನ್ನಡ ನೆಲದ ಕೃತಿ. ದೃಷ್ಟಿ ತಾಗದಿರಲೆಂದು ವಾಹನಗಳ ಬಂಪರಿಗೆ ಕೂದಲಿನ ಹಗ್ಗ ಕಟ್ಟುವ ರೂಢಿಯನ್ನು ಬೆಂಗಳೂರಿನ ಬೀದಿಗಳಲ್ಲಿ ಗಮನಿಸಿದ ಅವರು, ದೇವಸ್ಥಾನದಲ್ಲಿ ಮುಡಿ ಕೊಟ್ಟ ಕೂದಲಿನಿಂದ ಹೊಸೆದ ಸುಮಾರು 4,000 ಮೀಟರ್ ಹಗ್ಗದಿಂದ ಉಕ್ಕಿನ ಕಾರು ಬಂಪರುಗಳನ್ನು ತೂಗುಹಾಕಿದರು. 2009ರ ವೆನಿಸ್ ಬಿಯೆನಾಲೆಯಲ್ಲಿ ಪ್ರದರ್ಶಿತವಾದ ಇದು ಈಗ ಲಂಡನ್ನಿನ ಟೇಟ್ ಸಂಗ್ರಹದಲ್ಲಿದೆ. ಕೂದಲು, ಉಣ್ಣೆ ಎರಡೂ ಕೆರಾಟಿನ್ನೇ. ಹಗುರವಾದ ಎಳೆಯೊಂದು ಉಕ್ಕಿನ ಭಾರ ಹೊರುವ ಬಗೆಯನ್ನೂ, ಅದರ ಹಿಂದಿರುವ ಹರಕೆ, ಭಯ, ನಂಬಿಕೆಗಳನ್ನೂ ಈ ಕೃತಿ ಒಟ್ಟಿಗೆ ಕಾಣಿಸುತ್ತದೆ.

ಉಣ್ಣೆಗೆ ಕರ್ನಾಟಕದಲ್ಲಿ ಕೊರತೆಯಿಲ್ಲ. ಉತ್ತರ ಮತ್ತು ಮಧ್ಯ ಕರ್ನಾಟಕದ ಡೆಕ್ಕನಿ, ಬಳ್ಳಾರಿ ತಳಿಗಳ ಒರಟು ಕರಿಯುಣ್ಣೆಯಿಂದ ಕುರುಬರು ತಲೆಮಾರುಗಳಿಂದ ಕಂಬಳಿ ನೇಯ್ದಿದ್ದಾರೆ. ಹಾಸುನೂಲಿಗೆ ಹುಣಸೆ ಬೀಜದ ಗಂಜಿ ಕುಡಿಸಿ ಬಿಗಿ ಮಾಡುವ ಆ ಕಂಬಳಿ ಮಳೆಗೂ ಚಳಿಗೂ ಒದಗುತ್ತದೆ, ಅವರ ದೈವ ಬೀರಪ್ಪನ ಗುಡಿಯಲ್ಲಿ ಗದ್ದುಗೆಯೂ ಆಗುತ್ತದೆ. ಫೆಲ್ಟ್ ಕೂಡ ದಖ್ಖನ್ನಿಗೆ ಹೊಸತಲ್ಲ. ಪಿಂಜಾರ ಸಮುದಾಯದವರು ದೇಸಿ ಉಣ್ಣೆಯನ್ನು ಹಿಂಜಿ, ಹಾಸಿ, ತುಳಿದು ‘ಜೇನ್’ ಎಂಬ ದಪ್ಪ ಹಾಸು ಮಾಡುತ್ತಿದ್ದರು. ಈಗ ಕಂಬಳಿಗೆ ಬೇಡಿಕೆ ಕುಸಿದಿದೆ. ಅಗ್ಗದ ಕಾರ್ಖಾನೆ ಹೊದಿಕೆಗಳು ಸಂತೆಗೆ ಬಂದಿವೆ. ಒಂದು ಕುರಿಯಿಂದ ವರ್ಷಕ್ಕೆ ಒಂದು ಕಿಲೋ ಉಣ್ಣೆಯೂ ಸಿಗದಿರುವಾಗ ಕತ್ತರಿಸುವ ಕೂಲಿ ಹೊರೆಯಾಗುತ್ತದೆ. ಕತ್ತರಿಸಿದ ಉಣ್ಣೆ ಹಟ್ಟಿಯ ಬಳಿಯೇ ಬಿದ್ದಿರುವುದುಂಟು. ಮಾಂಸಕ್ಕೆಂದು ಉಣ್ಣೆಯಿಲ್ಲದ ತಳಿಗಳತ್ತ ಕುರಿಗಾಹಿಗಳು ವಾಲುತ್ತಿರುವುದಕ್ಕೆ ಇದೂ ಒಂದು ಕಾರಣ.

ಸಂರಕ್ಷಣೆ

ಉಣ್ಣೆಯ ದೊಡ್ಡ ವೈರಿ ನುಸಿಪತಂಗ. ಅದರ ಮರಿಹುಳುಗಳು ಕೆರಾಟಿನ್ ತಿಂದು ಬದುಕುತ್ತವೆ. ಬಾಯ್ಸ್ 1970ರಲ್ಲಿ 100 ಪ್ರತಿಗಳಲ್ಲಿ ಹೊರತಂದ ‘ಫೆಲ್ಟ್ ಸೂಟ್’ನ ಒಂದು ಪ್ರತಿ ಟೇಟ್ ಸಂಗ್ರಹದಲ್ಲಿದ್ದು, 1980ರ ದಶಕದ ಕೊನೆಯಲ್ಲಿ ನುಸಿ ಹಿಡಿದು ಹಾಳಾಯಿತು. ಮುಂದೆ ಅದನ್ನು ಸಂಗ್ರಹದಿಂದಲೇ ಕೈಬಿಡಬೇಕಾಯಿತು. ಹೊಸದಾಗಿ ಬಂದ ಕೃತಿಯನ್ನು ಪಾಲಿಥೀನಿನಲ್ಲಿ ಬಿಗಿದು ಸುಮಾರು −20 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಎರಡು ವಾರ ಇರಿಸುವುದು ಸಂಗ್ರಹಾಲಯಗಳಲ್ಲಿ ಬಳಕೆಯಲ್ಲಿರುವ ಉಪಾಯ. ಗಾಜು, ಪಿಂಗಾಣಿಗಳಂತಹ ವಸ್ತುಗಳು ಸೇರಿದ ಕೃತಿಗಳಿಗೆ ಈ ಚಳಿ ತಾಳುವುದೇ ಎಂದು ಮೊದಲು ನೋಡಬೇಕಾಗುತ್ತದೆ. ತೇವವಿದ್ದರೆ ಕಬ್ಬಿಣದ ತುಕ್ಕು ಹಬ್ಬಿ ಎಳೆಯನ್ನು ಪೆಡಸು ಮಾಡುತ್ತದೆ, ಬಿಸಿಲಿಗೆ ಸಸ್ಯವರ್ಣಗಳು ಮಾಸುತ್ತವೆ. ಕಬ್ಬಿಣಕ್ಕೆ ಮೊದಲೇ ಮೇಣ ಸವರುವುದು, ಕೃತಿಯನ್ನು ಗಾಳಿಯಾಡುವ ಒಣ ಜಾಗದಲ್ಲಿಟ್ಟು ಆಗಾಗ ತೆಗೆದು ನೋಡುವುದು ಮನೆಯಲ್ಲೂ ಮಾಡಬಹುದಾದ ಆರೈಕೆ.

ಮಹತ್ತ್ವ

ಈ ಕಲೆಗೆ ಎರಕದ ಕುಲುಮೆ, ದೊಡ್ಡ ಯಂತ್ರ, ದುಬಾರಿ ಕಲ್ಲು ಬೇಡ. ಶಾಲೆಯ ಅಂಗಳದಲ್ಲಿ ಮಕ್ಕಳೂ ಕಲಿಯಬಹುದು. ಆದರೆ ಉಣ್ಣೆಯನ್ನು ಬರೀ ಮೆತ್ತನೆಯ ಹೊದಿಕೆಯಾಗಿ, ಹಳೆಯ ವಸ್ತುವನ್ನು ಬರೀ ಅಲಂಕಾರವಾಗಿ ಬಳಸಿದರೆ ಕೃತಿ ಸೊರಗುತ್ತದೆ. ಕುಗ್ಗುವ ಉಣ್ಣೆ ಮತ್ತು ಕುಗ್ಗದ ವಸ್ತುವಿನ ನಡುವಿನ ಸೆಳೆತವನ್ನು ಬಲ್ಲವರ ಕೈಯಲ್ಲಿಯೇ ಅದು ಶಿಲ್ಪವಾಗುತ್ತದೆ. ಉಣ್ಣೆ ಯಾವ ತಳಿಯದು, ಯಾವ ಊರಿನ ಮಂದೆಯದು, ಯಾರು ಕತ್ತರಿಸಿದರು, ವಸ್ತು ಎಲ್ಲಿ ಸಿಕ್ಕಿತು ಎಂಬ ವಿವರಗಳು ಕೃತಿಯ ಭಾಗವೇ ಆಗಿರುವುದರಿಂದ ಪ್ರದರ್ಶನದ ಫಲಕದಲ್ಲಿ ಅವನ್ನು ನಮೂದಿಸುವುದು ನ್ಯಾಯ. ಕುರಿಗಾಹಿಗೆ ಉಣ್ಣೆಯ ತಕ್ಕ ಬೆಲೆ ಸಲ್ಲುವುದು ಅದಕ್ಕಿಂತ ಮೊದಲಿನ ನ್ಯಾಯ. ಕರ್ನಾಟಕದಲ್ಲಿ ಕರಿಯುಣ್ಣೆಯಿದೆ, ಕತ್ತರಿಸುವ, ಹಿಂಜುವ ಕೈಗಳು ಇನ್ನೂ ಇವೆ, ಗುಜರಿಯಲ್ಲಿ ರೂಪ ಕಾಣಬಲ್ಲ ಕಲಾವಿದರಿದ್ದಾರೆ. ಕಲಾಶಾಲೆಗಳು ಹಟ್ಟಿಗಳವರೆಗೆ ಹೋಗಿ ಈ ಮೂರನ್ನೂ ಒಂದೆಡೆ ಕೂಡಿಸಿದರೆ, ಬೆಲೆಯಿಲ್ಲದೆ ಬಿದ್ದಿರುವ ಉಣ್ಣೆಯಿಂದ ಈ ನೆಲದ್ದೇ ಆದ ಶಿಲ್ಪಪರಂಪರೆಯೊಂದು ಬೆಳೆಯಬಲ್ಲದು.